ಬೂಷ್ಟು ಹಿಡಿದ ಗೋಡೆ: ನಾನು ಒಣಗಿಸಿ ಗೆದ್ದದ್ದು ಹೀಗೆ

ಬಾತ್‌ರೂಮ್ ಗೋಡೆಯೊಳಗಿನ ಪೈಪ್ ಜಾಯಿಂಟ್ ಸೋರಿ, ಪಕ್ಕದ ಮಲಗುವ ಕೋಣೆಗೆ ಬೂಷ್ಟು ಹಿಡಿದಿತ್ತು. ಒಂದು ಕಡೆ ಜಿಪ್ಸಮ್ ಬೋರ್ಡ್, ಇನ್ನೊಂದು ಕಡೆ ಗಾರೆ ಗೋಡೆ. ಈಗ ಎರಡೂ ಸ್ವಚ್ಛ. ಪೂರ್ತಿ ಒಂದು ಮಳೆಗಾಲ ದಾಟಿದರೂ ಒಂದು ಚುಕ್ಕೆ ವಾಪಸ್ ಬಂದಿಲ್ಲ. ಗೋಡೆ ಒಡೆಯದೆ ಇದು ಹೋಗಲ್ಲ ಅಂತ ಪೇಂಟರ್, ಕಂಟ್ರಾಕ್ಟರ್ ಎಲ್ಲರೂ ಹೇಳಿದ್ದರು. ಅವರಲ್ಲೇ ಒಬ್ಬರು ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಮೊದಲು ಸೋತ ಕಥೆ. ಎಲ್ಲರೂ ಹೇಳುವ ಬ್ಲೀಚ್‌ನಿಂದಲೇ ಶುರುವಾಯಿತು. ಕರಿ ಕಲೆ ಅದೇ ದಿನ ಮಾಯ, ಎರಡು ಮೂರು ವಾರದಲ್ಲಿ ಅದೇ ಜಾಗದಲ್ಲಿ ಹಾಜರ್. ಬ್ಲೀಚ್ ಟೈಲ್ಸ್‌ಗೆ, ಗಾಜಿಗೆ ಸರಿ. ಬೋರ್ಡ್, ಗಾರೆ, ಮರದ ಮೇಲೆ ಅದರ ಕ್ಲೋರಿನ್ ಮೇಲ್ಮೈಯಲ್ಲೇ ಕೆಲಸ ಮುಗಿಸಿಬಿಡುತ್ತದೆ, ನೀರು ಮಾತ್ರ ಒಳಗಿಳಿಯುತ್ತದೆ. ಅಂದರೆ ಬೂಷ್ಟಿಗೆ ನಾವೇ ನೀರು ಹಾಕಿದಂತೆ. ಆಮೇಲೆ ಫಂಗಸ್ ನಿರೋಧಕ ಪೇಂಟ್. ದುಡ್ಡು ಸುಮ್ನೆ ಸುರಿದದ್ದು ಇಲ್ಲೇ. ಹಿಂದೆ ತೇವ ಇದ್ದದ್ದರಿಂದ ತಿಂಗಳೊಳಗೆ ಗುಳ್ಳೆ ಎದ್ದು, ಹಾಳೆ ಹಾಳೆಯಾಗಿ ಕಿತ್ತು ಬಂತು. ಮೂರನೆಯದು, ಗೋಡೆಗೆ ನೇರ ಫ್ಯಾನ್. ಗೋಡೆ ಒಣಗಲಿಲ್ಲ, ಬೂಷ್ಟಿನ ಧೂಳು ಮಾತ್ರ ಪರದೆ, ಹಾಸಿಗೆ ಎಲ್ಲದಕ್ಕೂ ಹರಡಿತು.

ಕೆಲಸ ಮಾಡಿದ ಕ್ರಮ ಇಷ್ಟೇ: ಸೋರುವುದನ್ನು ನಿಲ್ಲಿಸು, ಕೆಟ್ಟದ್ದನ್ನು ಕಿತ್ತು ಹಾಕು, ಉಜ್ಜು, ಮೀಟರ್‌ನಲ್ಲಿ ಸರಿಯಾದ ನಂಬರ್ ಬರುವವರೆಗೆ ಒಣಗಿಸು. ಬಣ್ಣ ಕೊನೆಗೆ.

ಪ್ಲಂಬರ್ ಜಾಯಿಂಟ್ ಬದಲಾಯಿಸಿದ ಮೇಲೂ ನಾನು ನಂಬಲಿಲ್ಲ. ಮನೆಯ ಎಲ್ಲಾ ನಲ್ಲಿ ಮುಚ್ಚಿ ರಾತ್ರಿ ನೀರಿನ ಮೀಟರ್ ರೀಡಿಂಗ್ ಬರೆದಿಟ್ಟೆ, ಬೆಳಿಗ್ಗೆ ಅದೇ ಇತ್ತು. ಆಮೇಲೇ ಬೋರ್ಡ್ ಕತ್ತರಿಸಿದ್ದು. ಕಲೆ ಕಾಣುತ್ತಿದ್ದದ್ದು ಮೊಣಕಾಲಿನವರೆಗೆ, ನಾನು ಕತ್ತರಿಸಿದ್ದು ಸೊಂಟದವರೆಗೆ. ಹಿಂಬದಿ ನೋಡಿದಾಗ ಸರಿ ಮಾಡಿದೆ ಅನ್ನಿಸಿತು. ಮುಂದೆ ನಾಲ್ಕು ಚುಕ್ಕೆ ಇದ್ದ ಕಡೆ ಹಿಂದೆ ಪೂರ್ತಿ ಕಪ್ಪು. ಬೋರ್ಡಿಗೆ ಹೊದಿಸಿದ ಕಾಗದವೇ ಬೂಷ್ಟಿನ ಊಟ, ಅದನ್ನು ತೊಳೆದು ಉಳಿಸುವ ಆಸೆ ಬೇಡ. ತುಂಡುಗಳನ್ನು ಕೋಣೆಯೊಳಗೇ ಚೀಲಕ್ಕೆ ಹಾಕಿ ಕಟ್ಟಿದೆ. ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ, ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವ ಫ್ಯಾನ್. ಹಾಳೆ ಆ ಕೋಣೆಯ ಒಳಕ್ಕೆ ಉಬ್ಬಿದ್ದರೆ ಧೂಳು ಮನೆಯ ಉಳಿದ ಕಡೆಗೆ ಬರುತ್ತಿಲ್ಲ ಅಂತ ಅರ್ಥ. ಎನ್95 ಮಾಸ್ಕ್, ಗ್ಲೌಸ್, ತೂತಿಲ್ಲದ ಕನ್ನಡಕ ಬೇಕೇ ಬೇಕು.

ಉಜ್ಜುವುದಕ್ಕೆ ಸೋಪಿನ ನೀರು ಸಾಕಾಯಿತು. ಬೋರ್ಡಿನ ಹಿಂದಿದ್ದ ಮರದ ಚೌಕಟ್ಟಿನ ಮೇಲೆ ಮೂರು ಜಾಗ ಗುರುತು ಮಾಡಿ ಒಂದಕ್ಕೆ ವಿನೆಗರ್, ಒಂದಕ್ಕೆ 3% ಹೈಡ್ರೋಜನ್ ಪೆರಾಕ್ಸೈಡ್, ಒಂದಕ್ಕೆ ಬರೀ ಸೋಪು ಹಾಕಿ ನೋಡಿದೆ. ಪೆರಾಕ್ಸೈಡ್ ಬಣ್ಣ ಸ್ವಲ್ಪ ಜಾಸ್ತಿ ತೆಗೆಯಿತು, ಉಳಿದಂತೆ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ಬ್ರಷ್ಷು. ಸತ್ತ ಬೂಷ್ಟಿನಿಂದಲೂ ಅಲರ್ಜಿ ಬರುತ್ತದೆ, ಹಾಗಾಗಿ ಕೊಂದರೆ ಸಾಲದು, ತೆಗೆಯಬೇಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬ್ಲೀಚ್ ಜೊತೆ ವಿನೆಗರ್ ಆಗಲಿ ಅಮೋನಿಯಾ ಇರುವ ಕ್ಲೀನರ್ ಆಗಲಿ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮರ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ತಿಕ್ಕಿ, ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಹಿಡಿದೆ. ಸಾದಾ ವ್ಯಾಕ್ಯೂಮ್ ಹಿಂದಿನಿಂದ ಧೂಳು ವಾಪಸ್ ಊದುತ್ತದೆ. ಮೂಲೆಯ ಸಂದಿಗೆ ನಾನೇ ಒಂದು ಬ್ರಷ್ ಮಾಡಿಕೊಂಡಿದ್ದೇನೆ. ಅದರ ಗುಟ್ಟು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಒಣಗಿಸುವ ವಿಷಯ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಮಷಿನ್ ಬಾಡಿಗೆಗೆ ತಂದೆ. ಬಾಡಿಗೆ ಹೆಚ್ಚುಕಡಿಮೆ ಹಿಂದಿನ ಪೇಂಟ್ ಖರ್ಚಿನ ಎರಡರಷ್ಟಾಯಿತು, ಮನೆಯಲ್ಲಿ ಜಗಳವೂ ಆಯಿತು. ಆದರೂ ವಾಪಸ್ ಕೊಡಲಿಲ್ಲ. ಕಿಟಕಿ ಬಾಗಿಲು ಮುಚ್ಚಿಯೇ ಓಡಿಸಬೇಕು. ತೆರೆದರೆ ಹೊರಗಿನ ತೇವವನ್ನೂ ಅದೇ ಹೀರುತ್ತಾ ಕೂರುತ್ತದೆ. ಶುರುವಿನಲ್ಲಿ ಅದರ ತೊಟ್ಟಿ ದಿನಕ್ಕೆ ಎರಡು ಸಲ ತುಂಬುತ್ತಿತ್ತು. ನಾಲ್ಕೈದು ದಿನಕ್ಕೇ ಕೋಣೆಯ ತೇವಾಂಶ 50%ಕ್ಕೆ ಇಳಿಯಿತು. ಎಲ್ಲರೂ ನಿಲ್ಲಿಸುವುದು ಇಲ್ಲೇ ಅಲ್ವಾ? ಒಣಗಿದ್ದು ಗಾಳಿ ಮಾತ್ರ, ಗೋಡೆ ಇನ್ನೂ ಹಸಿ. ನನ್ನ ಪರೀಕ್ಷೆ ಏನೆಂದರೆ, ರಾತ್ರಿ ಮಷಿನ್ ಆಫ್ ಮಾಡಿ ಕೋಣೆ ಮುಚ್ಚಿಡುವುದು. ಬೆಳಿಗ್ಗೆ ತೇವಾಂಶ ಮತ್ತೆ 60% ದಾಟಿದ್ದರೆ ಗೋಡೆ ಇನ್ನೂ ನೀರು ಬಿಡುತ್ತಿದೆ. ಅದು ಏರದೆ ನಿಲ್ಲುವುದಕ್ಕೆ ಮೂರು ವಾರದ ಮೇಲೇ ಹಿಡಿಯಿತು.

ಮರಕ್ಕೆ ತೇವ ಅಳೆಯುವ ಮಾಯಿಶ್ಚರ್ ಮೀಟರ್ ಚುಚ್ಚಿ ನೋಡಿ. 20% ಮೇಲಿದ್ದರೆ ಅಪಾಯ, ನಾನು 15ರ ಹತ್ತಿರ ಬರುವವರೆಗೆ ಕಾದೆ. ಸಾಮಾನ್ಯವಾಗಿ ಸಿಗುವ ಮೀಟರ್‌ಗಳ ಅಳತೆ ಮರಕ್ಕೆ ಮಾಡಿದ್ದು, ಗಾರೆಯ ಮೇಲೆ ಅದರ ನಂಬರ್ ನಿಜವಲ್ಲ. ಅದಕ್ಕೇ ಮನೆಯ ಒಣ ಗೋಡೆಯೊಂದನ್ನು ಅಳೆದು, ಕೆಟ್ಟ ಗೋಡೆಯನ್ನು ಅದಕ್ಕೆ ಹೋಲಿಸಿದೆ. ಕೋಣೆಯ ಗಾಳಿಯ ತೇವಾಂಶ ತೋರಿಸುವ ಹೈಗ್ರೋಮೀಟರ್ ಕೂಡ ಪರೀಕ್ಷಿಸಿಕೊಳ್ಳಿ. ಮುಚ್ಚಳದಲ್ಲಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಕೆಸರು ಮಾಡಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಸುಮಾರು 75% ತೋರಿಸಬೇಕು. ನನ್ನ ಎರಡರಲ್ಲಿ ಒಂದು ಏಳೆಂಟು ಅಂಕ ಕಮ್ಮಿ ತೋರಿಸುತ್ತಿತ್ತು.

ನಡುವೆ ಗಾರೆಯ ಮೇಲೆ ಬಿಳಿ ಪುಡಿ ಕಂಡು ಮನೆಯವರು ಮತ್ತೆ ಬೂಷ್ಟು ಅಂದರು. ನೀರು ಚಿಮುಕಿಸಿದೆ, ಕರಗಿ ಹೋಯಿತು. ಉಪ್ಪು ಕಣ್ರೀ, ಬೂಷ್ಟು ಹಾಗೆ ಕರಗಲ್ಲ. ಒಣ ಬ್ರಷ್‌ನಲ್ಲಿ ಉದುರಿಸಿದೆ. ಆ ಗೋಡೆಯನ್ನು ಪುಟ್ಟಿ ಇಲ್ಲದೆ ಇನ್ನೊಂದು ತಿಂಗಳು ಬೋಳಾಗಿಯೇ ಬಿಟ್ಟೆ. ಆಮೇಲೆ ತೇವ ಹೊರಹೋಗಲು ಬಿಡುವ ಬಣ್ಣ ಹೊಡೆದೆ. ಹಿಂದೆ ಗಾಳಿಯಾಡಲಿ ಅಂತ ಬೀರು ಈಗ ಗೋಡೆಯಿಂದ ಒಂದು ಗೇಣು ಮುಂದಿದೆ.

ಒಟ್ಟು ಖರ್ಚು ಗೋಡೆ ಒಡೆದು ಕಟ್ಟಲು ಕಂಟ್ರಾಕ್ಟರ್ ಹೇಳಿದ್ದರ ಅರ್ಧಕ್ಕೂ ಕಮ್ಮಿ. ಅದರಲ್ಲಿ ಜಾಸ್ತಿ ಪಾಲು ಪ್ಲಂಬರ್‌ಗೆ ಮತ್ತು ಮಷಿನ್ ಬಾಡಿಗೆಗೆ. ಹಾಗಂತ ಎಲ್ಲಾ ಕೇಸಿಗೂ ಕೈ ಹಾಕಬೇಡಿ. ಚರಂಡಿ ನೀರು ನುಗ್ಗಿದ್ದರೆ, ಮನೆಯಲ್ಲಿ ಉಬ್ಬಸದವರಿದ್ದರೆ, ಅಥವಾ ಬೂಷ್ಟು ಒಂದು ಗೋಡೆಯಿಂದ ಇನ್ನೊಂದು ಕೋಣೆಗೂ ಹಬ್ಬಿದ್ದರೆ ಇದೇ ಕೆಲಸ ಮಾಡುವವರನ್ನು ಕರೆಸಿ. ಹೊಸದಾಗಿ ನೀರು ನುಗ್ಗಿದ್ದರೆ ಈಗಲೇ ಒಣಗಿಸಲು ಶುರು ಮಾಡಿ. 24ರಿಂದ 48 ಗಂಟೆಯೊಳಗೆ ಒಣಗಿದರೆ ಬಹುಪಾಲು ಬೂಷ್ಟೇ ಹಿಡಿಯುವುದಿಲ್ಲ.