ಹಾಲೆ ತೊಗಟೆಯ ಕಷಾಯ ಮತ್ತು ದಿನ ಬಿಟ್ಟು ದಿನದ ಜ್ವರ

ಮಂಗಳೂರಿನಲ್ಲಿ ನಾನು ವೈದ್ಯವೃತ್ತಿ ಆರಂಭಿಸಿದ ಮೊದಲ ಮಳೆಗಾಲದಲ್ಲಿ ಚಳಿಜ್ವರವೆಂದು ಬರುತ್ತಿದ್ದವರಲ್ಲಿ ಹಲವರು ಆಗಲೇ ಹಾಲೆ ಮರದ ತೊಗಟೆಯ ಕಷಾಯ ಕುಡಿದಿರುತ್ತಿದ್ದರು. ತುಳುವರು ಪಾಲೆ ಎನ್ನುವ ಈ ಸಪ್ತಪರ್ಣಿಯ ತೊಗಟೆಯನ್ನು ತುಳು ತಿಂಗಳಾದ ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನ, ಕಬ್ಬಿಣ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಕುಡಿಯುವುದು ರೂಢಿ. ಆಮೇಲೆ ಹೊಟ್ಟೆ ತಂಪಿಗೆ ಮೆಂತೆ ಗಂಜಿ. 19ನೆಯ ಶತಮಾನದಲ್ಲಿ ಕೆಲವು ವೈದ್ಯರು ಇದೇ ತೊಗಟೆಯನ್ನು ಮಲೇರಿಯಾದ ಔಷಧವಾದ ಕ್ವಿನೈನ್‌ಗೆ ಬದಲಿಯಾಗಿ ಬಳಸಿದ್ದುಂಟು. ಹಾಗಾಗಿ ಈ ನಂಬಿಕೆಯನ್ನು ನಗೆಯಾಡಲು ನನಗೆ ಮನಸ್ಸಾಗಲಿಲ್ಲ.

ನಾನು ಎಡವಿದ್ದು ಬೇರೆ ಕಡೆ. ಕಟ್ಟಡ ಕೆಲಸದ ಯುವಕನೊಬ್ಬ, ಹಿಂದಿನ ದಿನ ನಡುಗಿಸಿದ ಜ್ವರ ಕಷಾಯ ಕುಡಿದ ಮೇಲೆ ಬಿಟ್ಟಿತೆಂದು ಹೇಳಿದಾಗ, ಮೈ ತಣ್ಣಗಿರುವುದನ್ನು ಕಂಡು ರಕ್ತಪರೀಕ್ಷೆ ಮಾಡಿಸದೆ ಕಳಿಸಿಬಿಟ್ಟೆ. ಮರುದಿನ ಸಂಜೆ ಅವನನ್ನು ಇಬ್ಬರು ಹಿಡಿದು ತಂದರು. ರಕ್ತದ ಸ್ಲೈಡಿನಲ್ಲಿ ಮಲೇರಿಯಾ ತರುವ ಪರೋಪಜೀವಿಗಳಲ್ಲಿ ಒಂದಾದ ವೈವಾಕ್ಸ್ ಇತ್ತು. ಈ ಪರೋಪಜೀವಿ ಸುಮಾರು 48 ಗಂಟೆಗೊಮ್ಮೆ ಕೆಂಪು ರಕ್ತಕಣಗಳನ್ನು ಒಡೆದು ಹೊರಬರುವುದರಿಂದ ನಡುವಿನ ದಿನ ಜ್ವರ ತಾನಾಗಿಯೇ ಇಳಿದಿರುತ್ತದೆ, ಕೀರ್ತಿ ಮಾತ್ರ ಹಿಂದಿನ ರಾತ್ರಿಯ ಕಷಾಯಕ್ಕೆ ಸಲ್ಲುತ್ತದೆ. ಅಂದಿನಿಂದ ಜ್ವರವಿರಲಿ ಬಿಡಲಿ, ಮೊದಲು ಬೆರಳು ಚುಚ್ಚಿ ರಕ್ತಲೇಪನ ತೆಗೆಸುತ್ತೇನೆ.

ಏನು ಕುಡಿದಿರಿ, ತೊಗಟೆ ತಂದವರು ಯಾರು ಎಂದೂ ಕೇಳುತ್ತೇನೆ. ಕತ್ತಲಲ್ಲಿ ಹಾಲೆಯೆಂದು ಕಾಸರಕ ಮರದ ತೊಗಟೆ ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಸೆಳೆತ ಬಂದು ಪ್ರಾಣವೇ ಹೋಗಬಹುದು.

‘ನೀವು ಕೊಡುವ ಮಾತ್ರೆಯೂ ಗಿಡದ್ದೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂಗೆ ನಾವು ಕೊಡುವ ಆರ್ಟೆಸುನೇಟಿನ ಮೂಲ ಆರ್ಟೆಮಿಸಿಯಾ ಆನ್ಯುವಾ ಎಂಬ ಗಿಡ. ಚೀನಾದ ತು ಯೂಯೂ ಅವರ ತಂಡ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು, ಎಲೆಯನ್ನು ಕುದಿಸಿದರೆ ಗುಣ ಕೆಡುತ್ತದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರ್‌ನಿಂದ ಸಾರ ತೆಗೆದು, 1972ರಲ್ಲಿ ಆರ್ಟೆಸುನೇಟಿಗೆ ಮೂಲವಾದ ಆರ್ಟೆಮಿಸಿನಿನ್ ಬೇರ್ಪಡಿಸಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಎಲೆಯಿಂದ ಎಲೆಗೆ ಆರ್ಟೆಮಿಸಿನಿನ್ ಪ್ರಮಾಣ ಬೇರೆಯಾಗುತ್ತದೆ, ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ರಕ್ತದಲ್ಲಿ ಕೆಲವೇ ಗಂಟೆ ನಿಲ್ಲುತ್ತದೆ. ಅದಕ್ಕೇ ಮೂರು ದಿನದ ಆರ್ಟೆಸುನೇಟಿನ ಜೊತೆಗೆ ಹೆಚ್ಚು ಕಾಲ ಉಳಿಯುವ ಇನ್ನೊಂದು ಔಷಧ ಬೇಕು. ಆಫ್ರಿಕಾದ ಹಲವೆಡೆ ಈ ಎಲೆಯ ಚಹಾ ಕುಡಿಯುತ್ತಾರೆ. ಗುಣವಾದಂತೆ ಕಂಡು ಮತ್ತೆ ಮರುಕಳಿಸುವ ಅಪಾಯವಿರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಬೆಂಬಲಿಸಲಿಲ್ಲ.

ವೈವಾಕ್ಸಿನಲ್ಲಿ ಕಷ್ಟ ಇನ್ನೊಂದು ಬಗೆಯದು. ಕ್ಲೋರೋಕ್ವಿನ್ ಮೂರು ದಿನದಲ್ಲಿ ಜ್ವರ ಇಳಿಸುತ್ತದೆ, ಯಕೃತ್ತಿನಲ್ಲಿ ಮಲಗಿದ ರೋಗಾಣುವಿಗೆ 14 ದಿನದ ಪ್ರೈಮಾಕ್ವಿನ್ ಬೇಕು. ಗರ್ಭಿಣಿಯರಿಗೆ ಅದನ್ನು ಕೊಡುವಂತಿಲ್ಲ, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೂ ಹೀಗೆ ಕೊಡುವಂತಿಲ್ಲ. ಹೆಚ್ಚಿನವರು ನಾಲ್ಕನೆಯ ದಿನವೇ ಮಾತ್ರೆ ನಿಲ್ಲಿಸುತ್ತಾರೆ. ಹಾಗಾಗಿ ಚೀಟಿಯಲ್ಲಿ ಕೊನೆಯ ಮಾತ್ರೆಯ ದಿನಾಂಕ ಬರೆದು ಮಾತ್ರೆಯ ಖಾಲಿ ಸ್ಟ್ರಿಪ್ ತಂದು ತೋರಿಸಲು ಹೇಳುತ್ತೇನೆ. ಕಳೆದ ಆಟಿಯಲ್ಲಿ, ಹತ್ತನೆಯ ದಿನದ ಮಾತ್ರೆಯಲ್ಲಿದ್ದ ಹೆಂಗಸೊಬ್ಬರು ನಾಳೆ ಕಷಾಯ ಕುಡಿಯಬಹುದೇ ಎಂದು ಕೇಳಿದರು. ಮಾತ್ರೆ ಮುಗಿಯುವ ತನಕ ಬೇಡವೆಂದೆ. ಆಮೇಲೆ, ಮನೆಯಲ್ಲಿ ತೊಗಟೆ ತರುವವರಿಗೆ ಹಗಲಲ್ಲೇ ಹೋಗಿ ಮರ ಗುರುತು ಹಾಕಿಟ್ಟು ಬರಲು ಹೇಳಿ ಎಂದೆ.