ಗಂಡನ ಹೆಸರು ಕೇಳದ ಫಾರಂ

ಕುಮಟಾ ಹತ್ತಿರ ಒಂದು ಹಳೆಯ ಹೆಂಚಿನ ಮನೆಯಲ್ಲಿ ನಾವು ಹಿರಿಯರಿಗಾಗಿ ಚಿಕ್ಕ ಕೇಂದ್ರ ನಡೆಸುತ್ತೇವೆ. ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಹುಷಾರಿಲ್ಲದವರಿಗೆ, ಯಾರೂ ಇಲ್ಲದವರಿಗೆ ನಾಲ್ಕಾರು ಹಾಸಿಗೆಗಳಿವೆ. ಲಿಂಗತ್ವ ಅಲ್ಪಸಂಖ್ಯಾತರು, ಸಲಿಂಗ ಸಂಗಾತಿಗಳು ಇಂಥ ಕಡೆ ನೆಮ್ಮದಿಯಾಗಿ ಇರಬೇಕಾದರೆ ಏನು ಮಾಡಬೇಕು ಅಂತ ಬೇರೆ ಊರಿನವರು ಕೇಳುತ್ತಾರೆ. ಈ ಸಮುದಾಯದ ಗುರುತಾದ ಕಾಮನಬಿಲ್ಲಿನ ಚಿತ್ರವನ್ನು ಗೋಡೆಗೆ ಹಚ್ಚಿದ್ದೀರಾ ಅಂತಲೂ ಕೇಳಿದವರಿದ್ದಾರೆ. ಇಲ್ಲ. ಎಪ್ಪತ್ತು ದಾಟಿದ ನಮ್ಮೂರಿನವರು ಅದನ್ನು ನೋಡಿದರೆ ಗೇಟಿನಿಂದಲೇ ವಾಪಸ್ಸು ಹೋಗುತ್ತಾರೆ. ಜೀವಮಾನವಿಡೀ ಬಾಯಿ ಬಿಡದವರನ್ನು ಕೂರಿಸಿ ಈಗ ಹೇಳಿಕೊಳ್ಳಿ ಅನ್ನುವುದೂ ಹಿಂಸೆಯೇ ಅಲ್ವಾ? ಏನೂ ಹೇಳದೆಯೂ ಇಲ್ಲಿ ಇರಲು ಬರಬೇಕು. ನಾವು ಮಾಡಿದ್ದೆಲ್ಲ ಅದಕ್ಕಾಗಿ.

ಮೊದಲು ಕೈ ಹಾಕಿದ್ದು ಫಾರಂಗೆ. ಎಲ್ಲ ಕಡೆ ಇರುವ ಹಾಗೆ ನಮ್ಮದರಲ್ಲೂ ಗಂಡನ ಹೆಸರು, ಮಕ್ಕಳ ಹೆಸರು, ವಿಳಾಸ ಅಂತ ಸಾಲುಗಳಿದ್ದವು. ಅದನ್ನೆಲ್ಲ ತೆಗೆದೆವು. ಈಗ ಇರುವುದು ಇಷ್ಟೇ: ನಿಮ್ಮನ್ನು ಏನಂತ ಕರೆಯಬೇಕು? ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಯಾರಿಗೆ ಮಾಡಬಾರದು? ಸ್ನಾನಕ್ಕೆ ಸಹಾಯ ಬೇಕಾದರೆ ಯಾರು ಮಾಡಿದರೆ ನಿಮಗೆ ಸರಿ? ಆಧಾರ್‌ನಲ್ಲಿರುವ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡುತ್ತೇವೆ. ‘ಯಾರಿಗೆ ಮಾಡಬಾರದು’ ಅನ್ನುವ ಸಾಲನ್ನು ವಿಧವೆಯರು, ಮಕ್ಕಳ ಜೊತೆ ಜಗಳ ಆಡಿದವರು ಎಲ್ಲ ಖುಷಿಯಿಂದ ತುಂಬುತ್ತಾರೆ.

ಶೌಚಾಲಯದ ವಿಷಯ ಬೇಗ ಮುಗಿಯಿತು. ಒಳಗಿನಿಂದ ಚಿಲಕ ಇರುವ ಒಂಟಿ ಕೋಣೆಗಳು, ಹೊರಗೆ ಹೆಂಗಸರು ಗಂಡಸರು ಅಂತ ಬೋರ್ಡ್ ಇಲ್ಲ. ಮನೆಯಲ್ಲೂ ಹಾಗೇ ತಾನೇ ಇರುವುದು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಇದಕ್ಕಿಂತ ದೊಡ್ಡ ಗಲಾಟೆ ಆದದ್ದು ಬಂಗಡೆ ಸಾರಿಗೆ. ಎರಡು ಒಲೆ ಹಾಕಿದ ಮೇಲೆ ಅದು ತಣ್ಣಗಾಯಿತು.

ಕಷ್ಟ ಇರುವುದು ಮೈ ಮುಟ್ಟುವ ಕೆಲಸದಲ್ಲಿ. ಇಲ್ಲೇ ಉಳಿದಿರುವ ಒಬ್ಬ ಅಮ್ಮ ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳಿದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತದೆ. ಬಂದ ಹೊಸತರಲ್ಲಿ ಬೆಳಗಿನ ಚಹಾಕ್ಕೆ ಬರುತ್ತಲೇ ಇರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಹಾಸಿಗೆಯ ಮೇಲೇ ಕೂತಿರುತ್ತಿದ್ದರು. ನಮ್ಮ ಆಯಾ ಎರಡೇ ದಿನದಲ್ಲಿ ಕಂಡುಹಿಡಿದಳು. ರೇಜರ್ ಹಿಡಿಯಲು ಆಗದೆ ಗಡ್ಡ ಬೆಳೆದಿತ್ತು. “ಅಮ್ಮಾ, ನಾ ತೆಗೀಲಾ?” ಅಂತ ಕೇಳಿದಳು, ಅಷ್ಟೇ. ಈಗ ಬೆಳಿಗ್ಗೆ ಗುಳಿಗೆ ಕೊಟ್ಟು, ನಡುಕ ಸ್ವಲ್ಪ ಇಳಿಯುವವರೆಗೆ ಕಾದು, ಉಳಿದವರು ಏಳುವ ಮೊದಲೇ ಬಚ್ಚಲಮನೆಗೆ ಕರೆದುಕೊಂಡು ಹೋಗುತ್ತಾಳೆ. ಹಂಡೆಯ ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಗಲ್ಲಕ್ಕೆ ಇಟ್ಟು ಮೆತ್ತಗೆ ಮಾಡುತ್ತಾಳೆ. ವಯಸ್ಸಾದವರ ಚರ್ಮ ತೆಳ್ಳಗಿರುತ್ತದೆ, ಎದುರು ಎಳೆದರೆ ಗೀರುತ್ತದೆ. ಅದಕ್ಕೇ ಕೂದಲು ಬೆಳೆದ ದಿಕ್ಕಿಗೇ ಎಳೆಯುತ್ತಾಳೆ. ಆಮೇಲೆ ಬಳೆ, ಕುಂಕುಮ, ಚಹಾ. ಬಿಪಿ ನೋಡುವ ಚಾರ್ಟಿನಲ್ಲೇ ಇದಕ್ಕೂ ಒಂದು ಸಾಲು ಇದೆ, ಆಯಾ ರಜೆ ಹಾಕಿದರೂ ತಪ್ಪಬಾರದು ಅಂತ.

ಸಿಬ್ಬಂದಿಗೆ ಭಾಷಣ ಕೊಡಿಸಲಿಲ್ಲ. ನಿಯಮ ಒಂದೇ: ಬಚ್ಚಲಮನೆಯಲ್ಲಿ ಕಂಡದ್ದು ಬಚ್ಚಲಮನೆಯಲ್ಲೇ ಇರಬೇಕು. ನಮ್ಮ ಕಡೆ ಸುದ್ದಿ ಬಸ್ಸಿಗಿಂತ ಮೊದಲೇ ಹೊನ್ನಾವರ ತಲುಪುತ್ತದೆ.

“ಯಕ್ಷಗಾನದಲ್ಲಿ ಸ್ತ್ರೀವೇಷಕ್ಕೆ ಚಪ್ಪಾಳೆ ಹೊಡೆಯುವ ಊರು ನಿಮ್ಮದು, ನಿಮಗೆ ಸುಲಭ” ಅನ್ನುತ್ತಾರೆ ಕೆಲವರು. ನನಗೇನೂ ಹಾಗೆ ಅನ್ನಿಸಿಲ್ಲ. ಬೆಳಗಾದರೆ ಬಣ್ಣ ತೆಗೆಯುತ್ತಾನೆ ಅಂತ ಗೊತ್ತಿರುವುದಕ್ಕೇ ಆ ಚಪ್ಪಾಳೆ. ತೆಗೆಯದವರಿಗೆ ಅದು ಸಿಗುವುದಿಲ್ಲ. ನಿವೃತ್ತ ಮಾಸ್ತರರೊಬ್ಬರು ಒಳ್ಳೆಯ ಅರ್ಥಧಾರಿ, ಅಂದರೆ ಯಕ್ಷಗಾನದ ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವವರು. ಅವರೇ “ಅವರನ್ನು ಹೆಂಗಸರ ಕೋಣೆಯಲ್ಲಿ ಇಟ್ಟದ್ದು ಸರಿಯಲ್ಲ” ಅಂತ ತಕರಾರು ತೆಗೆದದ್ದು. “ಮಾಸ್ತರೇ, ಆ ಕೋಣೆಯ ಹೆಂಗಸರು ಏನೂ ಹೇಳಿಲ್ಲವಲ್ಲ” ಅಂದೆ. ಇವತ್ತಿಗೂ ಅವರು ಆ ಅಮ್ಮನನ್ನು ಮಾತಾಡಿಸುವುದಿಲ್ಲ. ಬೇಡ ಬಿಡಿ. ಹಂಗಿಸಬಾರದು ಅನ್ನುವುದಷ್ಟೇ ನಮ್ಮ ಕರಾರು.

ಪಿಂಚಣಿಯ ಕಡೆ ಕಣ್ಣಿಡಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯದ ಮೈತ್ರಿ ಯೋಜನೆ ಇರುವುದು 64 ವರ್ಷದವರೆಗೆ. 65 ಆದಮೇಲೆ ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾ. ಚಿಕ್ಕಂದಿನಲ್ಲೇ ಮನೆ ಬಿಟ್ಟವರ ಹತ್ತಿರ ಶಾಲೆಯ ದಾಖಲೆ ಎಲ್ಲಿರುತ್ತದೆ? ಹಾಗಾಗಿ ವಯಸ್ಸಿನ ಪುರಾವೆ ಹುಡುಕುವುದನ್ನು ಮೊದಲೇ ಶುರು ಮಾಡಿ.

ಇನ್ನು ನಮ್ಮ ದೊಡ್ಡಕ್ಕೋರು, ಸಣ್ಣಕ್ಕೋರು. ಇಬ್ಬರೂ ಶಾಲೆಯಲ್ಲಿ ಕಲಿಸಿದವರು, ಪ್ರಾಯದಿಂದ ಒಂದೇ ಮನೆಯಲ್ಲಿ ಇದ್ದವರು. ಊರಿಗೆ ಅವರು ಗೆಳತಿಯರು. ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದೊಡ್ಡಕ್ಕೋರು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಸಣ್ಣಕ್ಕೋರಿಗೆ “ನೀವು ರಕ್ತಸಂಬಂಧಿಯಲ್ಲ” ಅಂತ ಹೇಳಿ, ದೂರದಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿಸಿದರು. ವಾಪಸ್ಸು ಬಂದಮೇಲೆ ಇಬ್ಬರಿಗೂ ಒಂದೇ ಕೋಣೆ ಕೊಟ್ಟೆವು, ಮಂಚಗಳನ್ನು ಜೋಡಿಸಿ. ಆಮೇಲೆ ಕಾಗದಪತ್ರಕ್ಕೆ ಕೂತೆವು. ಮನೆ ದೊಡ್ಡಕ್ಕೋರ ಹೆಸರಿನಲ್ಲಿದೆ. ವಿಲ್ ಬರೆಯದಿದ್ದರೆ ಕಾನೂನಿನ ಪ್ರಕಾರ ಅದು ನೆಂಟರ ಕಡೆಗೇ ಹೋಗುತ್ತದೆ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ನಾವು ಮಾತ್ರ ಮಾಡಿಸಿಬಿಟ್ಟೆವು, ಅಣ್ಣನ ಮಗ ವಕೀಲ! ಸಲಿಂಗ ವಿವಾಹದ ಹಕ್ಕನ್ನು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಅದಾದಮೇಲೆ ಕೇಂದ್ರ ಸರ್ಕಾರ ಸಣ್ಣಪುಟ್ಟದ್ದು ಕೊಟ್ಟಿದೆ. ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಅಂತ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದರು. ರೇಷನ್ ಕಾರ್ಡಿಗೂ ಅವರನ್ನು ಒಂದೇ ಮನೆಯವರು ಅಂತ ಪರಿಗಣಿಸಬೇಕು ಅಂತ ರಾಜ್ಯಗಳಿಗೆ ಬರೆದರು. ಮದುವೆಯ ಪತ್ರ ಇಲ್ಲದವರಿಗೆ ಇಂಥ ಕಾಗದಗಳೇ ಆಸರೆ.

ಬ್ಯಾಂಕಿನ ಕೆಲಸ ಒಂದೇ ಬೆಳಿಗ್ಗೆ ಮುಗಿಯಿತು. ರೇಷನ್ ಕಾರ್ಡಿನದು ಇನ್ನೂ ಆಗಿಲ್ಲ. ಅಂಥ ಆದೇಶವನ್ನೇ ನೋಡಿಲ್ಲ ಅಂದರು ಕಚೇರಿಯವರು. ಪ್ರಿಂಟ್ ತೆಗೆದುಕೊಂಡು ಸೋಮವಾರ ಮತ್ತೆ ಹೋಗುತ್ತೇವೆ. ಈ ಸಲ ಸಣ್ಣಕ್ಕೋರು ತಾವೇ ಬರುತ್ತಾರಂತೆ. ಅಲ್ಲಿನ ಗುಮಾಸ್ತ ಅವರ ಹತ್ತಿರ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿತವನು.