ಸೊನ್ನೆ ಬಂದ ದಿನ

ಎಂಡಿ ಪೆಥಾಲಜಿ ಮುಗಿಸಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಸೇರಿದಾಗ, ಸಂಶೋಧನೆ ಅಂದ್ರೆ ಹೊಸದನ್ನು ಕಂಡುಹಿಡಿಯುವುದು ಅಂದುಕೊಂಡಿದ್ದೆ. ಸಿಕ್ಕಿದ್ದು ದಿನವಿಡೀ ರಕ್ತದಿಂದ ಆರ್‌ಎನ್‌ಎ, ಅಂದ್ರೆ ಜೀವಕೋಶ ಮಾಡಿಕೊಳ್ಳುವ ಜೀನ್‌ಗಳ ನಕಲು, ತೆಗೆಯುವ ಕೆಲಸ. ಕಾಯಿಲೆ ಸಿಎಂಎಲ್, ನಿಧಾನವಾಗಿ ಏರುವ ಒಂದು ಬಗೆಯ ರಕ್ತದ ಕ್ಯಾನ್ಸರ್.

1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಜೀವಕೋಶದಲ್ಲಿ ಒಂದು ಮೋಟು ಕ್ರೋಮೋಸೋಮ್ ಕಂಡರು. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿವೆ ಅಂತ 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ತೋರಿಸಿಕೊಟ್ಟರು. ಅದರಿಂದ ಹುಟ್ಟುವ ಬಿಸಿಆರ್-ಎಬಿಎಲ್ ಜೀನ್, ಬಿಳಿ ರಕ್ತಕಣಗಳನ್ನು ಬೆಳೆಸುತ್ತಲೇ ಹೋಗುತ್ತದೆ. ಆ ಜೀನ್‌ನಿಂದಾಗುವ ಪ್ರೋಟೀನನ್ನು ಕಟ್ಟಿಹಾಕುವ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬರೀ ಮಾತ್ರೆ ನುಂಗಿ ವರ್ಷಗಟ್ಟಲೆ ಬದುಕುವವರನ್ನು ನೋಡುವಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ಮೂರು ತಿಂಗಳಿಗೊಮ್ಮೆ, ಜೀನ್‌ನ ಪ್ರತಿಗಳನ್ನು ಎಣಿಸುವ ಪಿಸಿಆರ್ ಪರೀಕ್ಷೆಯಲ್ಲಿ ಬಿಸಿಆರ್-ಎಬಿಎಲ್ ಎಷ್ಟಿದೆ ಅಂತ ಅಳೆಯುತ್ತೇವೆ. ಒಂದು ವರ್ಷದೊಳಗೆ ಸಂಖ್ಯೆ 0.1 ಶೇಕಡಾಕ್ಕೆ ಇಳಿದರೆ ಎಲ್ಲರಿಗೂ ನೆಮ್ಮದಿ.

ಅದೊಂದು ಏಪ್ರಿಲ್. ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಒಂದು ಟ್ಯೂಬ್ ಬಂತು. ನೇರಳೆ ಮುಚ್ಚಳ, ಸುತ್ತ ಪ್ಲಾಸ್ಟಿಕ್ ಕವರ್. ಒಳಗಿದ್ದ ಐಸ್ ಪ್ಯಾಕ್ ಕರಗಿ ಬೆಚ್ಚಗಾಗಿತ್ತು. ರಕ್ತ ತೆಗೆದು ಮೂರು ದಿನ ಆಗಿತ್ತು. ನಾನು ಅದನ್ನು ಯೋಚಿಸಲೇ ಇಲ್ಲ. ಪಿಸಿಆರ್ ಓಡಿಸಿದೆ. ಬಿಸಿಆರ್-ಎಬಿಎಲ್ ಗೆರೆ ಮೇಲೇಳಲೇ ಇಲ್ಲ. ಸೊನ್ನೆ! ಖುಷಿಯಿಂದ ‘ಕಾಯಿಲೆ ಇಲ್ಲ’ ಅಂತ ರಿಪೋರ್ಟ್ ಟೈಪ್ ಮಾಡಿ ಸಹಿಗೆ ಒಯ್ದೆ.

ಸರ್ ಅದನ್ನು ಓದಿ, “ಎಬಿಎಲ್ ಎಷ್ಟು ಬಂದಿದೆಯಮ್ಮ?” ಅಂದರು.

ಎಬಿಎಲ್ ಜೀನ್ ಎಲ್ಲರ ರಕ್ತದಲ್ಲೂ ಇರುತ್ತದೆ. ಸ್ಯಾಂಪಲ್‌ನಲ್ಲಿ ಆರ್‌ಎನ್‌ಎ ಚೆನ್ನಾಗಿ ಉಳಿದಿದೆಯಾ ಅಂತ ನೋಡಲು ಅದನ್ನೂ ಎಣಿಸುತ್ತೇವೆ; ಶೇಕಡಾ ಲೆಕ್ಕವೂ ಅದಕ್ಕೆ ಹೋಲಿಸಿಯೇ. ಕನಿಷ್ಠ 10,000 ಪ್ರತಿ ಸಿಗಬೇಕು. ಇದರಲ್ಲಿ ಸಾವಿರವೂ ಇರಲಿಲ್ಲ. ಕಾಯಿಲೆಯ ಆರ್‌ಎನ್‌ಎ ಜೊತೆಗೆ ಉಳಿದದ್ದೂ ಕೊಳೆತುಹೋಗಿತ್ತು. ಕತ್ತಲ ಕೋಣೆಯಲ್ಲಿ ಹುಡುಕಿ ಯಾರೂ ಇಲ್ಲ ಅಂದ ಹಾಗಾಗಿತ್ತು ನನ್ನ ರಿಪೋರ್ಟ್.

ಹೊಸ ಸ್ಯಾಂಪಲ್ ತರಿಸಿದೆವು. ಈ ಸಲ ಬಂದದ್ದು 6 ಶೇಕಡಾ. ರೋಗಿಗೆ ನಾನೇ ಫೋನ್ ಮಾಡಿದೆ. “ಆರಾಮ ಅನಿಸ್ತ ನೋಡ್ರಿ ಮೇಡಂ, ಅದಕ್ಕ ಗುಳಿಗಿ ಬಿಟ್ಟಿದ್ದೆ” ಅಂದರು. ನನ್ನ ಸೊನ್ನೆ ಅವರ ಕೈ ಸೇರಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಮೊದಲ ಸ್ವಂತ ಸಂಶೋಧನೆ ಹುಟ್ಟಿದ್ದು ಅಲ್ಲಿಂದ. ಒಬ್ಬೊಬ್ಬ ರೋಗಿಯ ರಕ್ತವನ್ನೂ, ಅವರ ಒಪ್ಪಿಗೆ ಪಡೆದು, ಹಲವು ಟ್ಯೂಬುಗಳಿಗೆ ಹಂಚಿದೆ. ಕೆಲವು ಫ್ರಿಜ್‌ನಲ್ಲಿ, ಕೆಲವು ಮೇಜಿನ ಮೇಲೆ. 24, 48, 72 ಗಂಟೆಗೆ ಒಂದೊಂದೇ ತೆಗೆದು ಎಣಿಸಿದೆ. ಹೊರಗಿಟ್ಟವುಗಳಲ್ಲಿ ಎಬಿಎಲ್ ದಿನದಿಂದ ದಿನಕ್ಕೆ ಕುಸಿಯಿತು. ಕಾಯಿಲೆ ಜಾಸ್ತಿ ಇದ್ದವರಲ್ಲಿ ಶೇಕಡಾ ಲೆಕ್ಕ ಅಷ್ಟೇನೂ ಬದಲಾಗಲಿಲ್ಲ. ಕಮ್ಮಿ ಇದ್ದವರಲ್ಲೇ ಅದು ಕಣ್ಮರೆಯಾಗುತ್ತಿತ್ತು. ಅಪಾಯ ಇರುವುದೇ ಅಲ್ಲಿ, ಅಲ್ವಾ? ಈಗ ಸಂಖ್ಯೆ ತುಂಬಾ ಇಳಿದು, ಹಾಗೇ ವರ್ಷಗಟ್ಟಲೆ ನಿಂತವರಿಗೆ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವ ಕ್ರಮ ಬಂದಿದೆ. ಆ ನಿರ್ಧಾರವೆಲ್ಲ ನಿಂತಿರುವುದು ಇಂಥ ಒಂದು ಸಂಖ್ಯೆಯ ಮೇಲೆ.

ಆಮೇಲೆ ದೊಡ್ಡ ಕೆಲಸಗಳನ್ನೂ ಮಾಡಿದೆ, ಮಾತ್ರೆಗೆ ಬಗ್ಗದ ಮ್ಯುಟೇಶನ್‌ಗಳನ್ನು, ಅಂದ್ರೆ ಜೀನ್‌ನಲ್ಲಾಗುವ ಬದಲಾವಣೆಗಳನ್ನು, ಹುಡುಕಿದೆ. ಆದರೂ ಲ್ಯಾಬ್‌ಗೆ ಹೊಸದಾಗಿ ಬಂದವರಿಗೆ ಮೊದಲು ಕೊಡುವುದು ಆ ಹಳೇ ಟ್ಯೂಬುಗಳ ಪ್ರಯೋಗವನ್ನೇ. ನಮ್ಮ ರಿಪೋರ್ಟ್‌ನಲ್ಲಿ ‘ಇಲ್ಲ’ ಅನ್ನುವ ಪದ ಈಗಿಲ್ಲ. ‘ಕಂಡುಬಂದಿಲ್ಲ’ ಅಂತ ಬರೆದು, ಪಕ್ಕದಲ್ಲೇ ಎಬಿಎಲ್ ಸಂಖ್ಯೆ ಹಾಕುತ್ತೇವೆ. ಹುಬ್ಬಳ್ಳಿ ಕಡೆಯ ಅವರು ಈಗಲೂ ಟ್ಯೂಬ್ ಕಳಿಸುವ ಸಂಜೆ ಫೋನ್ ಮಾಡುತ್ತಾರೆ: “ಐಸ್ ಹಾಕಿಸೀನ್ರಿ ಮೇಡಂ, ನಾಳೆ ಮುಂಜಾನೆ ಮುಟ್ಟತೈತಿ.”